ಲಾಭ, ಎರಡು, ಮೂರು

ನಮ್ಮಪ್ಪ ಅಮರಗುಂಡಪ್ಪನ ಬಾಯಲ್ಲಿ 'ಒಂದು' ಎಂಬ ಅಂಕಿ ಬರುವುದಿಲ್ಲ. ವಳಕಮದಿನ್ನಿಯ ನಮ್ಮ ಕಣದಲ್ಲಿ ಭತ್ತದ ಚೀಲ ಎಣಿಸುವಾಗ ಅವನು ಶುರು ಮಾಡುವುದೇ 'ಲಾಭ' ಎಂದು. ಆಮೇಲೆ ಎರಡು, ಮೂರು, ನಾಲ್ಕು. ಮೊದಲ ಚೀಲ ನಮ್ಮದಲ್ಲ, ದೇವರದು. ಅದು ಸೀದಾ ಮಠಕ್ಕೆ ಹೋಗುತ್ತದೆ. ಭತ್ತ ಕೊಯ್ಯಲು ಈಗ ಮಷೀನು ಬಂದಿದೆ, ತುಂಬಲು ಪ್ಲಾಸ್ಟಿಕ್ ಚೀಲ ಬಂದಿವೆ, ಎಣಿಕೆ ಮಾತ್ರ ಮುತ್ತಜ್ಜನ ಕಾಲದ್ದು. ಮೊದಲ ರೊಟ್ಟಿ ಆಕಳಿಗೆ, ಮೊದಲ ಸೌತೆಕಾಯಿ ಬಸವಣ್ಣನ ಗುಡಿಗೆ. ಹಿತ್ತಲಲ್ಲಿ ನಾನೇ ನೀರು ಹಾಕಿ ಬೆಳೆಸಿದ ಪೇರಲ ಗಿಡದ ಮೊದಲ ಹಣ್ಣನ್ನೂ ಅಪ್ಪ ಗುಡಿಗೆ ಕೊಟ್ಟು ಬಂದಾಗ ನಾನು ಎರಡು ದಿನ ಅವನ ಜೊತೆ ಮಾತಾಡಿರಲಿಲ್ಲ. ಆಗ ನನಗೆ ಏಳು ವರ್ಷ. ಸಿಟ್ಟು ನನಗೆ ಹುಟ್ಟಿನಿಂದಲೇ ಬಂದದ್ದು.

ಈ ಪದ್ಧತಿ ಮುಂದೊಂದು ದಿನ ನನ್ನ ಓದಿಗೂ ಬಂದು ಕೂರುತ್ತದೆ ಎಂದು ಮಾತ್ರ ಅಂದುಕೊಂಡಿರಲಿಲ್ಲ.

ಹತ್ತನೇ ತರಗತಿಯಲ್ಲಿ ನನಗೆ ಐನೂರ ಎಪ್ಪತ್ತೊಂದು ಅಂಕ ಬಂದವು. ಬಂದದ್ದೇ ತಡ, ಊರೆಲ್ಲ ಮೇಷ್ಟ್ರಾಯಿತು. ಸೋದರಮಾವ ಪಿಯುಸಿ ಸೈನ್ಸ್ ಅಂದ. ಪಕ್ಕದ ಮನೆಯವರು ಆರ್ಟ್ಸ್ ಹಗುರ ಅಂದರು. ನಾನೂ ಅಶ್ವಿನಿಯೂ ಎಂಟನೇ ತರಗತಿಯಲ್ಲೇ ತೀರ್ಮಾನ ಮಾಡಿಯಾಗಿತ್ತು: ಲಿಂಗಸುಗೂರಿನಲ್ಲಿ ಡಿಪ್ಲೊಮಾ, ಕಂಪ್ಯೂಟರ್ ಸೈನ್ಸ್, ಹಾಸ್ಟೆಲಿನಲ್ಲಿ ಒಂದೇ ಕೋಣೆ, ಕ್ಲಾಸಿನಲ್ಲಿ ಒಂದೇ ಬೆಂಚು. ಅಶ್ವಿನಿ ಮಸ್ಕಿಯ ಕಿರಾಣಿ ಅಂಗಡಿಯವರ ಮಗಳು, ಸಿಂಧನೂರಿನ ಮಾಮನ ಮನೆಯಲ್ಲಿದ್ದುಕೊಂಡು ನನ್ನ ಜೊತೆ ಓದಿದವಳು. ಕಂಪ್ಯೂಟರೇ ಯಾಕೆ ಎಂದು ಯಾರಾದರೂ ಕೇಳಿದ್ದರೆ ನನ್ನ ಬಳಿ ಉತ್ತರ ಇರುತ್ತಿರಲಿಲ್ಲ. ಲ್ಯಾಬಿನಲ್ಲಿ ಎಸಿ ಇರುತ್ತದೆ ಎಂದು ಅಶ್ವಿನಿ ಹೇಳಿದ್ದಳು. ನಮ್ಮ ಕಡೆಯ ಬಿಸಿಲು ಉಂಡವರಿಗೆ ಅದೇನು ಸಣ್ಣ ಕಾರಣವೇ?

ಅರ್ಜಿ ತುಂಬಲು ಅಪ್ಪನ ಜೊತೆ ಸಿಂಧನೂರಿನ ವಾಸಿಂನ ಕಂಪ್ಯೂಟರ್ ಅಂಗಡಿಗೆ ಹೋದೆ. ಹಿಂದೆ ಇಪ್ಪತ್ತು ಜನರ ಸಾಲು. ಬೇಕಾದ ವಿಭಾಗಗಳನ್ನು ಒಂದರ ಕೆಳಗೊಂದು ಬರೆಸಬೇಕಿತ್ತು.

"ಒಂದನೇದು ಏನ್ ಹಾಕ್ಲಿ?" ಎಂದ ವಾಸಿಂ.

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಮೊಣಕೈ ಹಿಡಿದು ನನ್ನನ್ನು ಪಕ್ಕಕ್ಕೆ ಎಳೆದ. "ಒಂದನೇದು ನಮ್ಮದಲ್ಲವ್ವ. ಅದು ಲಾಭ. ದೇವರಿಗೆ ಬಿಡೂನು. ನಿನಗ ಬೇಕಾದ್ದು ಎರಡನೇ ಸಾಲಿನ್ಯಾಗ ಬರಸು."

"ದೇವರಿಗೆ ಯಾವ ಬ್ರಾಂಚ್ ಕೊಡ್ತಿ?"

"ನಿನಗ ಬ್ಯಾಡಾದ್ದು ಯಾವುದೈತಿ?"

ಮಠಕ್ಕೆ ಆರಿಸಿ ಆರಿಸಿ ಒಳ್ಳೆಯ ಭತ್ತ ಕೊಡುವ ಮನುಷ್ಯ ಇಂಥ ಹೊತ್ತಿನಲ್ಲಿ ದೇವರ ಜೊತೆಗೇ ಚೌಕಾಸಿ ಮಾಡಿದ. ನಾನು ಜಗಳ ತೆಗೆಯಬಹುದಿತ್ತು. ಆದರೆ ಹಿಂದಿನವರು ಗೊಣಗುತ್ತಿದ್ದರು. ಮೇಲಾಗಿ ಐನೂರ ಎಪ್ಪತ್ತೊಂದರ ಸೊಕ್ಕು ಬೇರೆ ಇತ್ತಲ್ಲ, ಇಷ್ಟು ಅಂಕ ಇದ್ದವಳಿಗೆ ಎಲ್ಲಿ ಬರೆದರೂ ಸಿಗುತ್ತದೆ ಅಂದುಕೊಂಡೆ. "ಮೆಕ್ಯಾನಿಕಲ್ ಹಾಕ್ರೀ" ಎಂದೆ. ವಾಸಿಂ ಹುಬ್ಬು ಏರಿಸಿ "ಪಕ್ಕಾ?" ಎಂದ. "ಪಕ್ಕಾ ರೀ" ಎಂದ ಅಪ್ಪ. ವಾಸಿಂ ಒತ್ತಿದ.

ಅಂಕ ಇದ್ದವರಿಗೆ ಕೇಳಿದ್ದು ಸಿಕ್ಕೇ ಸಿಗುತ್ತದೆ. ಅದರಲ್ಲೂ ಮೊದಲು ಕೇಳಿದ್ದೇ ಸಿಗುತ್ತದೆ, ಸೀಟು ಹಂಚುವ ಕಂಪ್ಯೂಟರು ಎರಡನೇ ಸಾಲಿಗೆ ಇಳಿಯುವುದೇ ಇಲ್ಲ ಎಂಬುದು ಮೂರು ವಾರದ ಮೇಲೆ ಗೊತ್ತಾಯಿತು. ಅಶ್ವಿನಿಗೆ ಕಂಪ್ಯೂಟರ್ ಸೈನ್ಸ್, ನನಗೆ ಮೆಕ್ಯಾನಿಕಲ್. ಫೋನಿನಲ್ಲಿ ವಾಸಿಂ ತಲೆ ತಲೆ ಚಚ್ಚಿಕೊಂಡ. "ಕಾಕಾ, ಇದೇನ್ ಭತ್ತದ ರಾಶಿ ಏನ್ರೀ? ನನಗರ ಒಂದ್ ಮಾತು ಹೇಳಬಾರದೇನು?"

ನಾನು ಅತ್ತೆ, ಕೂಗಾಡಿದೆ, ಪೇರಲ ಹಣ್ಣಿನ ಹಳೆಯ ಲೆಕ್ಕವನ್ನೂ ತೆಗೆದೆ. ಅಪ್ಪ ಕಟ್ಟೆಯ ಮೇಲೆ ಕೂತವನು ತಲೆ ಎತ್ತಲಿಲ್ಲ. ಒಳಗಿನಿಂದ ಅಜ್ಜಿ ಕಸ್ತೂರೆಮ್ಮ ಬಂದು, "ದೇವರ ಪಾಲು ಹೊಳ್ಳಿ ನಿನ್ನ ಕೈಗೆ ಬಂದೈತೆಂದ್ರ ಅದು ಪ್ರಸಾದ ಬೇ. ಬ್ಯಾಡ ಅನಬಾರದು" ಎಂದಳು.

"ಪ್ರಸಾದ ಆದ್ರ ಬಾಯಿಗೆ ಹಾಕ್ಕೊಂಡು ಕೈ ಒರಸ್ಕೋಬೇಕು ಅಜ್ಜಿ. ಮೂರು ವರ್ಷ ಯಾರು ಓದ್ತಾರ?" ಎಂದೆ.

ಕಾಲೇಜಿನ ಆಫೀಸಿನಲ್ಲಿ ವಿಚಾರಿಸಿದಾಗ ಒಂದು ದಾರಿ ಸಿಕ್ಕಿತು. ಯಾರೋ ಪಿಯುಸಿಗೆ ಹೋದದ್ದರಿಂದ ಕಂಪ್ಯೂಟರ್ ಸೈನ್ಸಿನಲ್ಲಿ ಒಂದು ಸೀಟು ಖಾಲಿ ಬಿದ್ದಿತ್ತು. ಕ್ಲಾಸು ಶುರುವಾಗಿ ಹನ್ನೆರಡನೇ ದಿನದೊಳಗೆ ತಂದೆಯ ಸಹಿ ಮಾಡಿಸಿ ಅರ್ಜಿ ಕೊಟ್ಟರೆ ಅದು ನನ್ನದು. ಅಂಕದಲ್ಲಿ ನನಗಿಂತ ಮುಂದೆ ಯಾರೂ ಇರಲಿಲ್ಲ. ಹನ್ನೆರಡು ದಿನ ತಾನೇ, ಉಪವಾಸ ಎಂದು ತಿಳಿದರಾಯಿತು ಅಂದುಕೊಂಡು ಹೋದೆ. ಅಶ್ವಿನಿ ತನ್ನ ಬೆಂಚಿನ ಅರ್ಧ ಭಾಗದಲ್ಲಿ ಬ್ಯಾಗು ಇಟ್ಟು ನನ್ನ ಜಾಗ ಕಾಯತೊಡಗಿದಳು.

ಮೆಕ್ಯಾನಿಕಲ್ಲಿನಲ್ಲಿ ನಾವು ಮೂವರೇ ಹುಡುಗಿಯರು. ವರ್ಕ್‌ಶಾಪಿನಲ್ಲಿ ಕೊಟ್ಟ ಖಾಕಿ ಕೋಟು ನನಗೆ ಮೊಣಕಾಲು ದಾಟುತ್ತಿತ್ತು. ಕುರಿ ಸಾಕುವವರ ಮನೆಯ ಅಂಜಲಿ ಅದರ ನಡುವಿಗೆ ಹಗ್ಗ ಬಿಗಿದು "ಈಗ ನೋಡು, ಕಂಡಕ್ಟರ್ ಆದಿ" ಎಂದು ನಕ್ಕಳು. ಮೊದಲ ನಾಲ್ಕು ದಿನ ಒಂದೇ ಕೆಲಸ. ಅಂಗೈಯಗಲದ ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಉಜ್ಜಿ ಸಪಾಟು ಮಾಡಬೇಕು. ಸಪಾಟಾಯಿತೆಂದು ತೋರಿಸಲು ಹೋದರೆ ಅಲ್ಲಿ ಕಲಿಸುವ ಬೀರಲಿಂಗ ಸರ್ ಅದರ ಮೇಲೆ ಮಟ್ಟಪಟ್ಟಿ ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ "ಹೋಗು, ಉಜ್ಜು." ಅಂಗೈಯಲ್ಲಿ ಗುಳ್ಳೆ ಎದ್ದು ಊಟದ ಹೊತ್ತಿಗೆ ರೊಟ್ಟಿ ಮುರಿಯಲು ಆಗುತ್ತಿರಲಿಲ್ಲ. ಅಶ್ವಿನಿ ಮುರಿದು ಕೊಡುತ್ತ, "ಇನ್ನ ಎಂಟ ದಿನ ತಡಕೋ" ಎನ್ನುತ್ತಿದ್ದಳು. ನಾಲ್ಕನೇ ದಿನ ಸಂಜೆ ನನ್ನ ತುಂಡಿನ ಕೆಳಗೆ ಬೆಳಕು ಕಾಣಲಿಲ್ಲ. ಸರ್ ಅದನ್ನು ತಮ್ಮ ಮೇಜಿನ ಮೇಲಿಟ್ಟುಕೊಂಡರು. ನನಗೆ ಅವತ್ತು ಖುಷಿಯಾಗಬಾರದಿತ್ತು. ಆಯಿತು.

ಐದನೇ ದಿನ ಸರ್ ಒಂದು ಹಳೆಯ ನೀರಿನ ಪಂಪನ್ನು ನಮ್ಮ ನಡುವೆ ತಂದಿಡಿಸಿದರು. "ಪಂಪ್ ಯಾರ ಮನ್ಯಾಗೈತಿ?" ಅರ್ಧ ಕ್ಲಾಸು ಕೈ ಎತ್ತಿತು. "ಚಾಲೂ ಮಾಡೂ ಮೊದ್ಲ ಏನ್ ಮಾಡ್ತೀರಿ?"

"ಪೈಪಿಗೆ ನೀರ ಹಾಕ್ತೀವ್ರೀ ಸರ್" ಎಂದೆ ನಾನು. "ನಾಕು ಕೊಡ."

"ಯಾಕ?"

"ಮೊದಲ ಕೊಡ ಪಂಪಿಂದು ಅಂತ ನಮ್ಮಪ್ಪ ಹೇಳ್ತಾನ್ರೀ."

ಹುಡುಗರೆಲ್ಲ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು, ಅಪ್ಪನನ್ನು ಬೈಯಲು ಹಕ್ಕಿರುವುದು ನನಗೊಬ್ಬಳಿಗೆ. ಬೀರಲಿಂಗ ಸರ್ ನಗಲಿಲ್ಲ.

"ನಿಮ್ಮಪ್ಪ ಖರೇನ ಹೇಳ್ಯಾನ. ಪಂಪ್ ನೀರ ಎಳಿತೈತಿ, ಗಾಳಿ ಎಳಿಯಂಗಿಲ್ಲ. ಪೈಪಿನ್ಯಾಗ ಗಾಳಿ ಇದ್ರ ಎಷ್ಟ್ ತಿರುಗಿದ್ರೂ ಹನಿ ನೀರ ಬರಂಗಿಲ್ಲ. ಅದಕ್ಕ ಮೊದ್ಲ ನಾವ ಕೊಡಬೇಕು." ಆಮೇಲೆ ನನ್ನ ಕಡೆ ತಿರುಗಿದರು. "ಆದ್ರ ನೀ ನಿನ್ನಿ ಹಾಕಿದ ನಾಕು ಕೊಡ ಎಲ್ಲಿ ಹೋತು? ಇವತ್ತ ಮತ್ತ ಯಾಕ ಹಾಕಬೇಕು?"

ಎಂಟು ವರ್ಷದಿಂದ ಹಳ್ಳದ ದಂಡೆಯ ನಮ್ಮ ಪಂಪಿಗೆ ಕೊಡ ಹೊತ್ತವಳು ನಾನು. ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಸರ್ ಪೈಪಿನ ತುದಿಗೆ ಇರುವ ಜಾಲರಿಯ ಡಬ್ಬಿಯನ್ನು ಬಿಚ್ಚಿಸಿದರು. ಒಳಗೊಂದು ಚರ್ಮದ ಮುಚ್ಚಳ. ನೀರು ಮೇಲೆ ಹೋಗುವಾಗ ತೆರೆಯಬೇಕು, ನಿಂತಾಗ ಮುಚ್ಚಿಕೊಂಡು ಪೈಪಿನ ನೀರನ್ನು ಹಿಡಿದಿಡಬೇಕು. ಈ ಪಂಪಿನದು ಅಂಚು ಮುದುಡಿ, ಸಂದಿಯಲ್ಲಿ ಒಂದು ಹುಲ್ಲಿನ ಕಡ್ಡಿ ಸಿಕ್ಕಿಕೊಂಡಿತ್ತು. ಅಷ್ಟೇ! ಅಷ್ಟೇ ಒಂದು ಕಡ್ಡಿ! ನಾನು ಹೊತ್ತ ಕೊಡಗಳೆಲ್ಲ ಕಣ್ಣ ಮುಂದೆ ಸಾಲುಗಟ್ಟಿ ನಿಂತವು. ಇಂಥವು ಇನ್ನೂ ಎಷ್ಟು ಇರಬಹುದು, ದಿನಾ ಮುಟ್ಟುತ್ತ ಒಳಗೇನಿದೆ ಎಂದು ನಾನು ಕೇಳದೇ ಬಿಟ್ಟವು?

ಅಂದಿನಿಂದ ದಿನಗಳು ಓಡತೊಡಗಿದವು. ನಾನು ಕಂಡದ್ದನ್ನೆಲ್ಲ ಬಿಚ್ಚಿದೆ. ಹಾಸ್ಟೆಲಿನ ಸೋರುವ ನಲ್ಲಿ, ಅಂಜಲಿಯ ಸೈಕಲ್ಲಿನ ಪೆಡಲು, ಅಶ್ವಿನಿಯ ಟೇಬಲ್ ಫ್ಯಾನು. ಫ್ಯಾನು ಜೋಡಿಸಿದ ಮೇಲೆ ಎರಡು ಸ್ಕ್ರೂ ಉಳಿದವು, ಆದರೂ ತಿರುಗಿತು. "ನಿನಗ ಹುಚ್ಚ ಹಿಡದೈತಿ" ಎಂದಳು ಅಶ್ವಿನಿ. "ಬೆಂಚಿನ ಮ್ಯಾಲ ಬ್ಯಾಗ್ ಇಟ್ಟು ಇಟ್ಟು ನನಗ ಸಾಕಾಗೈತಿ, ಲಗೂನ ಬಾ." ಇತ್ತ ಅಂಜಲಿ ಅರ ಕೆಳಗಿಟ್ಟು ಕೇಳಿದಳು, "ನೀ ಹೋಗಾಕೇನು?" ನಾನು ಇಬ್ಬರಿಗೂ "ನೋಡೂನು" ಎಂದು ಮತ್ತೆ ಅರ ಹಿಡಿದೆ. ಎಂದೂ ಉತ್ತರಕ್ಕೆ ತಡವರಿಸದ ನನಗೆ ಅದು ಹೊಸದು.

ಹನ್ನೊಂದನೇ ದಿನ ಕಾಲೇಜಿಗೆ ರಜೆ. ಅರ್ಜಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಊರಿಗೆ ಹೊರಟೆ. ಅದರ ಜೊತೆ ಬೀರಲಿಂಗ ಸರ್ ಕೊಟ್ಟ ಚರ್ಮದಿಂದ ನಾನೇ ದುಂಡಗೆ ಕತ್ತರಿಸಿದ ಮುಚ್ಚಳವೂ ಇತ್ತು. ಅಶ್ವಿನಿ ಮಸ್ಕಿಯಲ್ಲಿ ಇಳಿದು ಬಸ್ಸಿನ ಕಿಟಕಿಗೆ ಬಡಿದು, "ಸಹಿ ಮರೀಬ್ಯಾಡ!" ಎಂದು ಕೂಗಿದಳು.

ಮನೆಯಲ್ಲಿ ನಾನು ಕಾಲು ತೊಳೆಯುವ ಮೊದಲೇ ಅಪ್ಪ ಅರ್ಜಿ ಕೇಳಿದ. ಕನ್ನಡಕ ಹಾಕಿಕೊಂಡು, ಪೆನ್ನು ಹಿಡಿದು, ಮೊದಲ ಸಾಲಿನ ಮೇಲೆ ಬೆರಳಿಟ್ಟ.

"ಒಂದು" ಎಂದ ಅಪ್ಪ, ಗಟ್ಟಿಯಾಗಿ. "ಒಂದು, ಕಂಪ್ಯೂಟರ್ ಸೈನ್ಸ್."

ಒಳಗೆ ರೊಟ್ಟಿ ಬಡಿಯುತ್ತಿದ್ದ ಅಜ್ಜಿಯ ಕೈ ನಿಂತಿತು. ಹುಟ್ಟಿದಾಗಿನಿಂದ ನಾನು ಆ ಬಾಯಲ್ಲಿ ಆ ಶಬ್ದ ಕೇಳಿರಲಿಲ್ಲ. ಅಪ್ಪ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದು ಸಹಿ ಹಾಕಿ, "ದೇವರ ಕಡೆ ನಾ ಮಾತಾಡ್ತೀನಿ. ನೀ ಓದು" ಎಂದ. ಬೈದ ಅಪ್ಪನಿಗೆ ಎದುರಾಡಬಹುದು, ಹೀಗೆ ಸೋತ ಅಪ್ಪನಿಗೆ ಏನು ಹೇಳುವುದು?

"ಪಂಪಿನ ಹತ್ರ ನಡಿ" ಎಂದೆ.

ಕಾಲುವೆ ನೀರು ಹತ್ತದ ದಿಬ್ಬದ ಎರಡು ಎಕರೆಗೆ ನಾವು ಹಳ್ಳದಿಂದ ಡೀಸೆಲ್ ಪಂಪಿನಲ್ಲಿ ನೀರೆತ್ತುತ್ತೇವೆ. ನಾಟಿ ಮುಗಿದು ಸಸಿ ಆಗಷ್ಟೇ ಬೇರು ಹಿಡಿದಿದ್ದವು. ಅಪ್ಪನ ಕೈಲಿ ಪೈಪು ಎಳೆಸಿ, ತುದಿಯ ಡಬ್ಬಿ ಬಿಚ್ಚಿದೆ. ನಮ್ಮದರಲ್ಲಿ ಕಡ್ಡಿ ಒಂದಲ್ಲ, ಅರ್ಧ ಗೂಡೇ ಇತ್ತು. ಹಳೆಯ ಮುಚ್ಚಳ ಹಪ್ಪಳದ ಹಾಗೆ ಮುರಿಯಿತು. ಹೊಸದನ್ನು ಕೂರಿಸಿ, ಬಿಗಿದು, ನೀರಿಗೆ ಬಿಟ್ಟೆವು. ನಾಲ್ಕು ಕೊಡ ಹಾಕಿ ಅಪ್ಪ ಹ್ಯಾಂಡಲ್ ತಿರುಗಿಸಿದ. ನೀರು ಬಂತು.

"ಬಂದ್ ಮಾಡು" ಎಂದೆ.

"ಯಾಕ ಬೇ, ಚೊಲೋ ಬರಾಕತ್ತೈತಿ!"

"ಬಂದ್ ಮಾಡಪ್ಪ."

ಜಾಲಿ ಮರದ ಕೆಳಗೆ ಕೂತು ಬುತ್ತಿ ಬಿಚ್ಚಿದೆವು. ರೊಟ್ಟಿ, ಪುಂಡಿಪಲ್ಲೆ. ಒಂದು ತಾಸಾದ ಮೇಲೆ ಅಪ್ಪ ಎದ್ದು ಹಳ್ಳದಲ್ಲಿ ಕೊಡ ಅದ್ದಿ ಹೆಗಲಿಗೇರಿಸಿದ.

"ಇಳಸು ಅದನ್ನ. ಹಂಗ ಚಾಲೂ ಮಾಡು."

"ಒಣ ಪಂಪ್ ಸುಟ್ಟ ಹೋಗತೈತಿ."

"ಸುಟ್ರ ನಾ ರಿಪೇರಿ ಮಾಡ್ತೀನಿ."

ಅಪ್ಪ ಕೊಡ ಪಕ್ಕಕ್ಕಿಟ್ಟು, ನನ್ನ ಮುಖ ನೋಡುತ್ತಲೇ ಹ್ಯಾಂಡಲ್ ತಿರುಗಿಸಿದ. ಇಂಜಿನ್ನು ಎರಡು ಸಲ ಕೆಮ್ಮಿತು, ಹಿಡಿಯಿತು. ಪೈಪಿನ ಬಾಯಿಂದ ದಬದಬ ನೀರು ಬಿತ್ತು! ಒಂದು ಹನಿ ಹಾಕದೆ! ನಾನು ಬದುವಿನ ಮೇಲೆ ಕುಣಿದೆ, ಕಿರುಚಿದೆ. ಅಪ್ಪ ಒಮ್ಮೆ ಪಂಪು ನೋಡಿದ, ಒಮ್ಮೆ ಕೊಡ ನೋಡಿದ.

"ಅಪ್ಪಾ, ನಾಳಿ ಆ ಅರ್ಜಿ ಕೊಡಂಗಿಲ್ಲ!" ಇಂಜಿನ್ನಿನ ಸದ್ದಿಗೆ ಕೂಗಿಯೇ ಹೇಳಬೇಕಾಯಿತು. "ಮೆಕ್ಯಾನಿಕಲ್ಲ ಓದ್ತೀನಿ!"

ಅಪ್ಪನ ಮುಖ ಸಣ್ಣದಾಯಿತು. "ಅಜ್ಜಿ ಪ್ರಸಾದ ಅಂದ್ಲಂತೇನು? ನನ್ನ ಮಾರಿ ನೋಡಿ ಹೇಳಾಕತ್ತೀಯೇನು? ಹಂಗೆಲ್ಲ ಬ್ಯಾಡವ್ವ."

"ಯಾರ ಸಲುವಾಗೂ ಅಲ್ಲ. ಮೊದ್ಲ ಅಶ್ವಿನಿ ಅಂದ್ಲು ಅಂತ ಕಂಪ್ಯೂಟರ್ ಅಂದಿದ್ದೆ, ನೀ ಅಂದಿ ಅಂತ ಇದನ್ನ ಬರಸಿದ್ದೆ. ಈಗ ನಾ ಅನ್ನಾಕತ್ತೀನಿ. ಒಂದು, ಮೆಕ್ಯಾನಿಕಲ್. ಎರಡನೇದ್ದು ಇಲ್ಲ!"

ಅಶ್ವಿನಿ ಮೂರು ದಿನ ಮಾತು ಬಿಡುತ್ತಾಳೆ, ಗೊತ್ತು. ಬೆಂಚು ಹೋದರೂ ಕೋಣೆ ಒಂದೇ. ನಾಲ್ಕನೇ ದಿನ ಫ್ಯಾನು ನಿಂತಾಗ ನನ್ನನ್ನೇ ಕರೆಯಬೇಕು.

ಅಪ್ಪ ಬೀಳುವ ನೀರಿಗೆ ಕೈಯೊಡ್ಡಿ ಮುಖ ತೊಳೆದುಕೊಂಡ. ಕಣ್ಣು ಒರೆಸಿಕೊಂಡು, ತುಂಬಿದ ಕೊಡ ತೋರಿಸಿ ಕೇಳಿದ, "ಹಂಗಾರ ಇದನ್ನೇನ ಮಾಡ್ಲಿ? ಪಂಪಿಗಿ ಬ್ಯಾಡಂತ."

"ನಿನ್ನ ದೇವರನ್ನ ಕೇಳು."

ಅಪ್ಪ ಕೊಡವನ್ನು ಎತ್ತಿ ಗದ್ದೆಯ ಮೂಲೆಯ ಮೊದಲ ಸಸಿಗಳ ಮೇಲೆ ನಿಧಾನಕ್ಕೆ ಸುರಿದ. "ಲಾಭ" ಎಂದ.

ನಾನು ಖಾಲಿ ಕೊಡ ಕಸಿದುಕೊಂಡು, ಪೈಪಿನ ಬಾಯಿಗೆ ಹಿಡಿದು ತುಂಬಿಸಿ, ಅಪ್ಪನ ತಲೆಯ ಮೇಲೆ ಸುರಿದುಬಿಟ್ಟೆ.

"ಎರಡು!"