ಕುಣಿಗಲ್‌ಗೆ ಹೋಗಿ ಕೇಳಿದ್ದರೆ

೧೯೬೩ರಲ್ಲಿ ತುಮಕೂರಿನ ಚಂದ್ರಶೇಖರಯ್ಯನವರು ಲಾರಿ ತಂದರು. ಲಾರಿ ಬಂತು, ಡ್ರೈವರ್ ಸಿಗಲಿಲ್ಲ. ಗುಬ್ಬಿ ಮಂಡಿಯಲ್ಲಿ ತೆಂಗಿನಕಾಯಿ ಮೂಟೆ ಬಿದ್ದಿವೆ, ಮಂಡಿಯವರು ದಿನಾ ಹೇಳಿ ಕಳಿಸುತ್ತಾರೆ.

ಅಂಥ ಹೊತ್ತಲ್ಲಿ ಹಾಗಲವಾಡಿಯ ಅಂಜನಮೂರ್ತಿ ಬಂದ.

"ಕುಣಿಗಲ್ ತುಳಸಮ್ಮನೋರ ಲಾರಿ ಓಡಿಸ್ತಿದ್ದೆ ಸ್ವಾಮಿ. ಲೈಸೆನ್ಸ್ ಐತೆ."

ಬೆಳಿಗ್ಗೆ ಗುಬ್ಬಿವರೆಗೆ ಓಡಿಸಿ ತೋರಿಸಿದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡಿಸಿದ. ಚಂದ್ರಶೇಖರಯ್ಯನವರು ಅಲ್ಲೇ ಕೆಲಸ ಕೊಟ್ಟರು.

ಹೊಸ ಡ್ರೈವರ್ ಸುದ್ದಿ ಕೇಳಿ ಸಂಜೆ ಪಕ್ಕದ ಮನೆಯ ವೆಂಕಟೇಶಯ್ಯ ಜಗಲಿಗೆ ಬಂದು ಕೂತರು. ಬಸ್ ಕಂಪನಿಯಲ್ಲಿ ಡ್ರೈವರ್‌ಗಳನ್ನು ನೋಡಿಕೊಳ್ಳುವವರು ಅವರು.

"ಕುಣಿಗಲ್‌ನೋರನ್ನ ಕೇಳಿದ್ಯಾ?"

"ಕೇಳೋದೇನು? ಅವನ ಕೈ ನೋಡಿದೀನಲ್ಲ."

"ನೀನು ಒಂದು ಬೆಳಿಗ್ಗೆ ನೋಡಿದೀಯ. ಹಳೇ ಧಣಿ ವರ್ಷಗಟ್ಟಲೆ ನೋಡಿರ್ತಾರೆ. ಯಾಕೆ ಬಿಟ್ಟ, ಎಲ್ಲಾದ್ರೂ ಗುದ್ದಿದ್ನಾ, ಕುಡೀತಾನಾ, ಕಣ್ಣು ಹ್ಯಾಗಿದೆ, ಎಲ್ಲಾ ಕೇಳ್ಬಹುದು. ಕದ್ದು ಅಲ್ಲ, ಅವನಿಗೆ ಹೇಳೇ ಕೇಳು."

"ಹೆಣ್ಣು ಕೊಡ್ತಿದೀನೇನಯ್ಯಾ, ಇಷ್ಟು ವಿಚಾರ್ಸೋಕೆ?"

"ಲಾರಿ ಹತ್ತೋರ ಪ್ರಾಣ ಅವನ ಕೈಗೆ ಕೊಡ್ತಿದೀಯ, ಚಂದ್ರಣ್ಣ."

ಚಂದ್ರಶೇಖರಯ್ಯನವರು ನಕ್ಕು ಬಿಟ್ಟರು. ಕುಣಿಗಲ್‌ಗೆ ಹೋಗಲಿಲ್ಲ.

ಒಂದು ದಿನ ಗುಬ್ಬಿಯಲ್ಲಿ ಲೋಡ್ ಆಗುವಾಗಲೇ ಹೊತ್ತು ಮುಳುಗಿತು. ಅಂಜನಮೂರ್ತಿ ಸ್ಟೇರಿಂಗ್ ಮುಟ್ಟಲಿಲ್ಲ.

"ಬೆಳಿಗ್ಗೆ ಹೊರಡಾನ ಸ್ವಾಮಿ."

"ಸಬೂಬು ಹೇಳ್ಬೇಡ. ಆಗಲ್ಲ ಅಂದ್ರೆ ಬೇರೆಯವನನ್ನ ನೋಡ್ಕೋತೀನಿ" ಎಂದರು ಮಂಡಿಗೆ ಬಂದಿದ್ದ ಧಣಿ.

ಅವನು ಹೊರಟ. ಮೂಟೆ ಹೊರುವ ಚಿಕ್ಕಬೋರಯ್ಯ ಲೋಡಿನ ಮೇಲೆ ಕೂತಿದ್ದ. ಊರು ದಾಟಿದ ಮೇಲಿನ ತಿರುವಿನಲ್ಲಿ ಲಾರಿ ತಿರುಗಲೇ ಇಲ್ಲ. ನೇರ ಹೋಗಿ ಹುಣಸೇಮರಕ್ಕೆ ಬಡಿಯಿತು. ಮೂಟೆಗಳ ಕೆಳಗೆ ಸಿಕ್ಕಿ ಚಿಕ್ಕಬೋರಯ್ಯ ಅಲ್ಲೇ ಸತ್ತ. ಅಂಜನಮೂರ್ತಿಯನ್ನು ಪೊಲೀಸರು ಕರೆದೊಯ್ದರು.

ಚಂದ್ರಶೇಖರಯ್ಯನವರು ಆಗ ಹೋದರು ಕುಣಿಗಲ್‌ಗೆ. ತುಳಸಮ್ಮ ಬಾಗಿಲಲ್ಲೇ ನಿಂತು ಸುದ್ದಿ ಕೇಳಿದರು.

"ಅವನಿಗೆ ಇರುಳುಗಣ್ಣು ಕಣಪ್ಪಾ. ಹೊತ್ತು ಮುಳುಗಿದ್ರೆ ಕಾಣ್ಸಲ್ಲ. ನಾನು ಹಗಲು ಮಾತ್ರ ಕಳಿಸ್ತಿದ್ದೆ. ಹಗಲಲ್ಲಿ ಅಂಥಾ ಡ್ರೈವರ್ ಇಲ್ಲ. ನಮ್ಮ ಲಾರಿ ಮಾರಿದ್ವಿ, ಅವನು ಹೋದ."

"ಮೊದಲೇ ಹೇಳ್ಬಾರದಿತ್ತೇನಮ್ಮಾ?"

"ಯಾರಿಗೆ ಹೇಳ್ಲಿ? ನೀವು ಯಾರಂತಲೇ ನಂಗೆ ಗೊತ್ತಿರ್ಲಿಲ್ಲ. ನೀವು ಕೇಳಿದ್ರೆ ಹೇಳ್ತಿದ್ದೆ."

ಆಮೇಲೆ ಧಣಿ ಜೈಲಿಗೆ ನೋಡಲು ಹೋದಾಗ ಅಂಜನಮೂರ್ತಿ ಹೇಳಿದ. "ಹೇಳಿದ್ರೆ ಕೆಲ್ಸ ಕೊಡಾಕಿಲ್ಲ ಅಂತ ಬಾಯಿ ಮುಚ್ಕೊಂಡೆ ಸ್ವಾಮಿ. ತಪ್ಪು ನಂದೇ. ನೀವು ಕೇಳಿದ್ರೆ ಹೇಳ್ತಿದ್ನೋ ಏನೋ, ಗೊತ್ತಿಲ್ಲ. ಆದ್ರೆ ನೀವು ಕೇಳ್ಲಿಲ್ಲ."

ಚಿಕ್ಕಬೋರಯ್ಯನ ಹೆಂಡತಿ ಪುಟ್ಟಗಂಗಮ್ಮ ಧಣಿ ಮನೆ ಅಂಗಳಕ್ಕೆ ಬಂದಳು. ಹಣ ಕೊಡಲು ಹೋದರೆ ಮುಟ್ಟಲಿಲ್ಲ.

"ಹೋಗಿ ಒಂದು ಮಾತು ಕೇಳಾಕೆ ನಿಮ್ಗೆ ಬಾಯಿ ನೋಯ್ತಿತ್ತಾ ಬುದ್ದಿ?"

ಮುಂದೆ ಚಂದ್ರಶೇಖರಯ್ಯನವರ ಮನೆಯಲ್ಲಿ, ಹಳೇ ಧಣಿಯನ್ನು ಕಂಡು ಬಾರದೆ ಯಾರನ್ನೂ ಕೆಲಸಕ್ಕೆ ಸೇರಿಸಲಿಲ್ಲ. ಅದನ್ನು ಕಂಡು ವೆಂಕಟೇಶಯ್ಯನವರಿಗೂ ಸಂತೋಷವಾಗಲಿಲ್ಲ. ಸತ್ತವನು ಸತ್ತಿದ್ದ.

ಲಾರಿ ಇಟ್ಟಿರುವ ಸ್ವಾಮಿಗಳೇ, ಡ್ರೈವರ್ ಎದುರಿಗೆ ನಿಂತಾಗ ಕೈ ಓಡುವುದನ್ನಷ್ಟೇ ನೋಡಿ ಕೆಲಸ ಕೊಡಬೇಡಿ. ಹಿಂದೆ ಎಲ್ಲಿದ್ದ, ಯಾಕೆ ಬಿಟ್ಟ ಎಂದು ಅವನನ್ನೇ ಕೇಳಿ, ಅವನಿಗೆ ತಿಳಿಸಿ ಹಳೇ ಧಣಿಯನ್ನೂ ಕೇಳಿ. ಯಾರೋ ಹೊಟ್ಟೆಕಿಚ್ಚಿಗೆ ಚಾಡಿ ಹೇಳಿದರೆ ಅದನ್ನೇ ನಂಬಿ ಬಡವನ ಅನ್ನ ಕಸಿಯಬೇಡಿ. ಅವನ ಮಾತಿಗೂ ಕಿವಿ ಕೊಡಿ. ಡ್ರೈವರಣ್ಣಂದಿರೇ, ಕಣ್ಣಿನದೋ ಮೈಯದೋ ಕೊರತೆ ಇದ್ದರೆ ಮುಚ್ಚಿಡಬೇಡಿ, ಹಗಲ ಕೆಲಸ ಕೇಳಿ ಪಡೆಯಿರಿ.

ತುಮಕೂರಿನಿಂದ ಕುಣಿಗಲ್‌ಗೆ ಬಸ್ಸಿದೆ, ನಿಮ್ಮ ಡ್ರೈವರ್ ಹಿಂದೆ ಇದ್ದ ಊರಿಗೂ ಇರುತ್ತದೆ. ಇಂದೇ ಹೋಗಿ ಕೇಳಿ ಬನ್ನಿ.