ಐದು ಅಡಿ ಆಚೆ

ಗುಣಿ ಅರ್ಧ ತೋಡಿ ಆಗಿತ್ತು. ಪಕ್ಕದ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸುತ್ತಿದ್ದ ಎಂಜಿನಿಯರ್ ನಿತಿನ ಓಡಿ ಬಂದು ಸಲಿಕೆಯನ್ನೇ ಹಿಡಿದುಬಿಟ್ಟ.

"ದಯವಿಟ್ಟು ನಿಲ್ಲಿಸಿ. ಇದು ನಮ್ಮ ಜಾಗದಲ್ಲಿ ಬರುತ್ತೆ."

ಲಿಂಗಂಪಲ್ಲಿಯಾಚೆಯ ಆ ರುದ್ರಭೂಮಿಯಲ್ಲಿ ಅಮರೇಶಪ್ಪ ವಿಭೂತಿ ಬಳಿಸಿಕೊಂಡು ಶವ ಕೂರಿಸಿ ಹೊರುವ ವಿಮಾನದೊಳಗೆ ಕೂತೇ ಇದ್ದ. ನಲವತ್ತು ವರ್ಷ ಊರವರ ಜಗಳದ ನಡುವೆ ಗೆರೆ ಎಳೆದ ಸರ್ವೇಯರನ ಗುಣಿಗೇ ತಕರಾರು! ಮಗಳು ನಳಿನಿಗೆ ಮೈಯೆಲ್ಲ ಉರಿಯಿತು. ಹೆಂಡತಿ ಸಾವಿತ್ರಿಯ ಪಕ್ಕದಲ್ಲೇ ಮಣ್ಣಾಗಬೇಕು ಎಂಬುದೊಂದೇ ಅವನ ಕೊನೆಯ ಆಸೆಯಾಗಿತ್ತು.

"ಈ ಗಡಿ ಅಳದಾಂವನ ನಮ್ಮಣ್ಣರಿ. ಈಕಿ ಅವನ ಮಗಳು, ಈಕಿನೂ ಸರ್ವೇಯರ," ಎಂದ ಕಾಕಾ ವಿಜಯಕುಮಾರ.

"ಮೇಡಮ್ಮೂ ಸರ್ವೇಯರ್ ಅಂದ್ರಲ್ಲ, ಅವರೇ ಅಳೀಲಿ. ಅವರು ಹೇಳಿದ್ದಕ್ಕೆ ಒಪ್ತೀನಿ," ಎಂದ ನಿತಿನ.

ನಳಿನಿ ಕಾರಿನಿಂದ ಜಿಪಿಎಸ್ ಕೋಲು ತಂದು ಊರಿದಳು. ಅಪ್ಪ ಬಿಸಿಲಲ್ಲಿ ದಿನವಿಡೀ ಸರಪಳಿ ಎಳೆದು ಮಾಡುತ್ತಿದ್ದ ಕೆಲಸ ಈಗ ಎರಡು ನಿಮಿಷದ್ದು. ಎರಡೇ ನಿಮಿಷಕ್ಕೆ ಗೊತ್ತಾಯಿತು: ದಾಖಲೆಯ ಗಡಿಗಿಂತ ಅಪ್ಪ ಹಾಕಿದ ಗಡಿ ಐದು ಅಡಿ ಆಚೆ; ಗುಣಿಯೂ ಅವ್ವನ ಸಮಾಧಿಯೂ ಆ ಐದಡಿಯೊಳಗೇ.

*

ಅವ್ವ ತೀರಿಕೊಂಡಾಗ ನಳಿನಿಗೆ ಹತ್ತು ವರ್ಷ. ದಾನವಾಗಿ ಬಂದ ಈ ನೆಲಕ್ಕೆ ಇನ್ನೂ ಗಡಿಕಲ್ಲು ನೆಟ್ಟಿರಲಿಲ್ಲ. ಅವ್ವನನ್ನು ಮನೆಯಲ್ಲಿ ಕೂಡಿಸಿಟ್ಟು ಅಪ್ಪ ತಾನೇ ಸರಪಳಿ ಹೊತ್ತು ಬಂದಿದ್ದ. ಅದರ ಇನ್ನೊಂದು ತುದಿ ಹಿಡಿದವಳು ನಳಿನಿಯೇ.

ಎಳೆದೂ ಎಳೆದೂ ಸರಪಳಿಯ ಕೊಂಡಿಗಳು ಹಿಗ್ಗುತ್ತವೆ. ಅದಕ್ಕೇ ಅಪ್ಪ ದಿನಾ ಬೆಳಿಗ್ಗೆ ಕಚೇರಿ ಅಂಗಳದ ಎರಡು ಅಳತೆಗಲ್ಲುಗಳ ನಡುವೆ ಅದನ್ನು ಹಿಡಿದು ನೋಡದೆ ಹೊರಡುತ್ತಿರಲಿಲ್ಲ. ಅವತ್ತೊಂದು ದಿನ ನೋಡಲಿಲ್ಲ. ಕಣ್ಣೊರೆಸಿಕೊಳ್ಳುತ್ತಲೇ ಹತ್ತು ಸರಪಳಿ ಅಳೆದ. ಸರಪಳಿಗೆ ಅರ್ಧ ಅಡಿಯಂತೆ ಗಡಿ ಆಚೆ ಸರಿದುಹೋಯಿತು.

*

"ಒಳಗ ಐತಿ ಅನ್ನವಾ," ಕಾಕಾ ಕಿವಿಯಲ್ಲಿ ಅಂದ. "ಅಂವ ನಿನ್ನ ಮಾತು ನಂಬ್ಯಾನ. ಮತ್ತ ಯಾರು ನೋಡಾಕ ಬರ್ತಾರ?"

ಅಂಗಳ ಕಳೆದುಕೊಂಡವರು, ಬಾವಿ ಕಳೆದುಕೊಂಡವರು ಮನೆ ಬಾಗಿಲಿಗೆ ಬಂದು ಬೈದರೂ ಅಪ್ಪ ಯಾರಿಗೂ ಬೆರಳಗಲ ಗೆರೆ ಸರಿಸಿಕೊಟ್ಟವನಲ್ಲ. ಆದರೂ ಸುಳ್ಳು ಅವಳ ನಾಲಿಗೆ ತುದಿಗೆ ಬಂದಿತ್ತು.

"ಹೊರಗ ಐತ್ರಿ," ಎಂದಳು.

ನಿತಿನ ತಲೆ ತಗ್ಗಿಸಿದ. "ಅಮ್ಮನವರ ಸಮಾಧಿ ಯಾರೂ ಮುಟ್ಟದ ಹಾಗೆ ನೋಡ್ಕೋತೀನಿ ಮೇಡಂ. ಗೋಡೆ ಮಾತ್ರ ಗೆರೆ ಮೇಲೇ ಬರುತ್ತೆ. ನಾಳೆ ಪಾಯ ಅಗೀತಾರೆ."

ಕಾಕಾ ಆಮೇಲೆ ಅವಳ ಮುಖ ನೋಡಲಿಲ್ಲ. ಗಡಿಯ ಈಚೆ ಬದಿಗೆ ಹೊಸ ಗುಣಿ ತೋಡಿ, ಅಪ್ಪನನ್ನು ಕೂರಿಸಿ, ಎಲ್ಲರೂ ಹಿಡಿಮಣ್ಣು ಹಾಕಿ ಕೈ ತೊಳೆಯಲು ಹೋದರು. ನಳಿನಿ ಗಡಿ ಗುರುತಿನ ಕೆಂಪು ಬಣ್ಣದ ಗೂಟವೊಂದನ್ನು ಅವ್ವನ ಸಮಾಧಿಗೂ ಅಪ್ಪನ ಹಸಿಮಣ್ಣಿಗೂ ನಡುವೆ ನೆಟ್ಟಗೆ ನಿಲ್ಲಿಸಿ ಸುತ್ತಿಗೆ ಎತ್ತಿದಳು.