ಕೊಂಡಪ್ಪನ ಮೈವಾಸನೆ

ಕುಡಿತ ಬಿಟ್ಟ ಮೇಲೆ ಕಾಂತರಾಜನಿಗೆ ಎಲ್ಲಕ್ಕಿಂತ ಮೊದಲು ವಾಪಸ್ಸು ಬಂದದ್ದು ಮೂಗು. ಕುಡಿಯುತ್ತಿದ್ದ ಕಾಲದಲ್ಲಿ ಚರಂಡಿಯ ಪಕ್ಕ ಬಿದ್ದುಕೊಂಡಿದ್ದರೂ ತಿಳಿಯುತ್ತಿರಲಿಲ್ಲ. ಈಗ ಕೆಜಿಎಫ್‌ನ ಕೋರಮಂಡಲ್ ಸ್ಟೇಷನ್ನಿನಲ್ಲಿ ಬೆಳಗಿನ ರೈಲು ಹತ್ತಿದರೆ ಸಾಕು, ಎದುರು ಕೂತವನು ಹಿಂದಿನ ದಿನ ಏನು ಕುಡಿದ, ಏನು ತಿಂದ, ತಿಂದದ್ದರಲ್ಲಿ ಎಷ್ಟು ಹೊಟ್ಟೆಯಲ್ಲಿ ನಿಂತಿತು ಎನ್ನುವುದೆಲ್ಲ ಅವನ ಉಸಿರಿನಲ್ಲೇ ಗೊತ್ತಾಗಿಬಿಡುತ್ತಿತ್ತು. ಬಂಗಾರಪೇಟೆಯಲ್ಲಿ ಇಳಿಯುವಷ್ಟರಲ್ಲಿ ಹೊಟ್ಟೆ ತೊಳೆಸುತ್ತಿತ್ತು.

ಇಂಥ ಮೂಗಿನವನಿಗೆ ಸಿಕ್ಕಿದ ಕೆಲಸವಾದರೂ ಎಂಥದ್ದು? ಬಂಗಾರಪೇಟೆಯಲ್ಲಿ ತಾನು ಕುಡಿತ ಬಿಟ್ಟ ವ್ಯಸನಮುಕ್ತಿ ಕೇಂದ್ರದಲ್ಲೇ ಕುಡುಕರ ಜೊತೆಗಿರುವ ಕೆಲಸ. ಕೈ ನಡುಗುವವರಿಗೆ ಗಂಜಿ ಕುಡಿಸಬೇಕು, ವಾಂತಿ ಬಳಿಯಬೇಕು, ದಿನವಿಡೀ ಅವರ ಸುಳ್ಳು ಕೇಳಬೇಕು. ಆ ಸುಳ್ಳುಗಳನ್ನೆಲ್ಲ ಒಂದು ಕಾಲದಲ್ಲಿ ತಾನೂ ಹೇಳಿದವನೇ. ಅದಕ್ಕೇ ಅವು ಇನ್ನಷ್ಟು ಹೇಸಿಗೆ ಹುಟ್ಟಿಸುತ್ತಿದ್ದವು.

ಕೇಂದ್ರದ ಕೌನ್ಸೆಲರ್ ಸುಮಿತಾ ಮೇಡಂಗೆ ಬೇರೆಯೇ ಚಿಂತೆ. ಕುಡಿತ ಬಿಡಲು ಬಂದವರಲ್ಲಿ ಅರ್ಧಕ್ಕರ್ಧ ಜನಕ್ಕೆ ಮನಸ್ಸಿನ ಕಾಯಿಲೆಯೂ ಇರುತ್ತಿತ್ತು. ಒಬ್ಬನಿಗೆ ಭಯ, ಇನ್ನೊಬ್ಬನಿಗೆ ಸಾಯುವ ಯೋಚನೆ. ಅದನ್ನು ಹಾಗೇ ಬಿಟ್ಟರೆ ಬಾಟಲಿ ಮತ್ತೆ ಕೈಗೆ ಬರುತ್ತದೆಂದು ಮೇಡಂ ಹೇಳುತ್ತಲೇ ಇದ್ದರು. ಕೆಜಿಎಫ್‌ನಲ್ಲಿ ಒಂದು ಟ್ರಸ್ಟ್ ನಡೆಸುವ ಆಸ್ಪತ್ರೆಗೆ ಪ್ರತಿ ಗುರುವಾರ ಮನೋವೈದ್ಯೆಯೊಬ್ಬರು ಬರುತ್ತಿದ್ದರು. ಅಲ್ಲಿಗೆ ಹೋಗಿ ಎಂದರೆ ಎಲ್ಲರೂ ಹೂಂ ಎಂದು ತಲೆಯಾಡಿಸುವವರೇ. ಗುರುವಾರ ಬಂದರೆ ಒಬ್ಬರೂ ಅತ್ತ ಸುಳಿಯುತ್ತಿರಲಿಲ್ಲ.

"ಕುಡುಕ ಅಂದ್ರೆ ತಡ್ಕತೀನಿ ಮೇಡಂ, ಮೆಂಟಲ್ಲು, ಉಚ್ಚ ಅನ್ನಿಸ್ಕಳಕ್ಕಾಗಲ್ಲ" ಎಂದು ಒಬ್ಬ ಮುಖದ ಮೇಲೇ ಹೇಳಿದ್ದ.

ಕೊನೆಗೆ ಮೇಡಂ ಕಾಂತರಾಜನನ್ನು ಕರೆದರು. "ನೀವೇ ಜೊತೆಗೆ ಹೋಗಿ ಕರ್ಕೊಂಡು ಬನ್ನಿ. ಕೋಲಾರದಲ್ಲಿ ನಿಮ್ಮಣ್ಣ ಕೈ ಹಿಡ್ಕೊಂಡು ಮನಸ್ಸಿನ ಡಾಕ್ಟರ್ ಹತ್ರ ಕೂರಿಸಿದ್ದಕ್ಕೇ ಅಲ್ವಾ ನಿಮಗೆ ನಿದ್ದೆ ಬಂದಿದ್ದು? ಮೊದಲು ಕೊಂಡಪ್ಪನನ್ನ ನೋಡಿ."

ಕೊಂಡಪ್ಪನ ಹೆಸರು ಕೇಳಿದ್ದೇ ಕಾಂತರಾಜ ಮುಖ ಕಿವುಚಿದ. ಕಾಮಸಮುದ್ರದ ಆಚೆಯ ಹಳ್ಳಿಯ ಕುರಿ ಕಾಯುವವನು ಅವನು. ಹೆಂಡತಿ ಸತ್ತ ಮೇಲೆ ಕುಡಿತಕ್ಕೆ ಬಿದ್ದಿದ್ದ. ಕೇಂದ್ರದಲ್ಲಿದ್ದಷ್ಟು ದಿನವೂ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದ. ಸ್ನಾನವೆಂದರೆ ಚರ್ಮ ಕಿತ್ತುಹೋಗುವಂತೆ ಉಜ್ಜಿಕೊಳ್ಳುವುದು, ಇಲ್ಲದಿದ್ದರೆ ವಾರಗಟ್ಟಲೆ ನೀರೇ ಮುಟ್ಟದಿರುವುದು.

ಗುರುವಾರ ಬೆಳಿಗ್ಗೆ ಕಾಂತರಾಜ ಅವನ ಊರಿಗೆ ಹೋದಾಗ ಮಗಳು ಸಹನ ಮನೆಯ ಹಿಂದಿನ ಕುರಿ ದೊಡ್ಡಿಯತ್ತ ಕೈ ತೋರಿಸಿದಳು. ಅಪ್ಪನನ್ನು ನೋಡಿಕೊಳ್ಳಲೆಂದೇ ಗಂಡ, ಮಗುವಿನೊಡನೆ ತವರಿಗೆ ಬಂದು ನಿಂತಿದ್ದಳು.

"ಏನ್ ಏಳಿದ್ರೂ ದೊಡ್ಡಿ ಬಿಟ್ಟು ಈಚೆಗ್ ಬರಲ್ಲ ಅಣ್ಣ. ಊಟನೂ ಅಲ್ಲೇ, ನಿದ್ದೆನೂ ಅಲ್ಲೇ."

ಹಿಕ್ಕೆಯ ಮೇಲೆ ಗೋಣಿಚೀಲ ಹಾಸಿಕೊಂಡು ಮಲಗಿದ್ದ ಕೊಂಡಪ್ಪನ ಕೂದಲು ಜಡೆಗಟ್ಟಿತ್ತು. ಪಂಚೆ ಯಾವ ಬಣ್ಣದ್ದೆಂದು ತಿಳಿಯುವಂತಿರಲಿಲ್ಲ. ಕಾಂತರಾಜ ಬಾಯಿಂದ ಉಸಿರಾಡುತ್ತ ಅವನನ್ನು ಎಬ್ಬಿಸಿ, ಬಸ್ಸಿಗೆ ಹತ್ತಿಸಿದ. ಬಸ್ಸು ತುಂಬಿತ್ತು. ಕುರಿ, ಬೆವರು, ಬೀಡಿ ಎಲ್ಲ ಕಲೆತು ಗಂಟಲಿಗೆ ಬಂದು ನಿಂತಂತಾಯಿತು. ತಡೆಯಲಾಗದೆ ಹೆಗಲ ಮೇಲಿದ್ದ ಟವೆಲನ್ನು ಮೂಗಿಗೆ ಬಿಗಿದು ಕಟ್ಟಿಕೊಂಡು ಕಿಟಕಿಯತ್ತ ತಿರುಗಿದ.

ಮತ್ತೆ ಈ ಕಡೆ ನೋಡಿದಾಗ ಕೊಂಡಪ್ಪ ಇರಲಿಲ್ಲ. ಹಿಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟಿದ್ದ.

ಕಾಂತರಾಜ ಬಸ್ಸು ನಿಲ್ಲಿಸಿ ಇಳಿದು, ಬೈದುಕೊಳ್ಳುತ್ತ ಬಿಸಿಲಲ್ಲಿ ಹಿಂದಕ್ಕೆ ನಡೆದ. ರಸ್ತೆ ಬದಿಯ ವೈನ್ ಶಾಪಿನ ಹಿಂದೆ, ಕುಡಿದು ಬಿಸಾಡಿದ ಪಾಕೀಟುಗಳ ನಡುವೆ ಕೊಂಡಪ್ಪ ಕುಕ್ಕರುಗಾಲಲ್ಲಿ ಕೂತಿದ್ದ. ಖಾಲಿ ಹೊಟ್ಟೆಗೆ ಬಿದ್ದದ್ದು ನಿಲ್ಲಲಿಲ್ಲ. ಕಾಂತರಾಜ ಹತ್ತಿರ ಹೋಗುವುದಕ್ಕೂ ಅವನು ಕಕ್ಕುವುದಕ್ಕೂ ಸರಿಹೋಯಿತು. ಬೆಚ್ಚಗಿನದು ಚಪ್ಪಲಿಯೊಳಗೆ ಇಳಿದು ಬೆರಳ ಸಂದಿಗೆ ಹೋಯಿತು. ಕಾಂತರಾಜ ಮೈಯೆಲ್ಲ ಉರಿದು ಒದೆಯಲು ಕಾಲೆತ್ತಿದ.

"ಒದೀಪ್ಪ" ಎಂದ ಕೊಂಡಪ್ಪ, ಬಾಯಿ ಒರೆಸಿಕೊಳ್ಳದೆ. "ನಿಂಗೂ ಬಂತಲ್ಲ ವಾಸ್ನೆ. ನಂಗೊಬ್ನಿಗೇ ಬತ್ತದೆ ಅನ್ಕಂಡಿದ್ದೆ."

"ಯಾವ್ ವಾಸ್ನೆ?"

"ನಂದೇ. ಒಳಗೆಲ್ಲ ಕೊಳ್ತೋಗೈತೆ ಕಣಪ್ಪ, ಉಳ ಬಿದ್ದೈತೆ. ಸತ್ ಕುರಿ ಬಿಸ್ಲಾಗ್ ಬಿದ್ದಿದ್ರೆ ಎಂಗ್ ನಾರ್ತದೆ, ಅಂಗೆ. ಅದ್ಕೇ ಯಾರ್ ಪಕ್ದಾಗೂ ಕೂರಲ್ಲ ನಾನು. ಮೊಮ್ಮಗೀನೂ ಎತ್ಕಳಲ್ಲ. ಕುಡುದ್ರೆ ಒಂದ್ ಗಳ್ಗೆ ಓಯ್ತದೆ, ಆಮೇಕೆ ಮತ್ತೆ ಬತ್ತದೆ. ನೀನ್ ಮೂಗ್ ಕಟ್ಕಂಡ್ಯಲ್ಲ, ಅವಾಗ ಗ್ಯಾರಂಟಿ ಆಯ್ತು."

ಎತ್ತಿದ ಕಾಲು ತಾನಾಗಿ ಕೆಳಗಿಳಿಯಿತು. ಕಾಂತರಾಜನ ಮೂಗಿಗೆ ಬಡಿದದ್ದು ಕುರಿಯ ವಾಸನೆ, ಬೆವರಿನ ವಾಸನೆ. ಕೊಳೆತದ್ದು ಏನೂ ಇರಲಿಲ್ಲ. ಹಾಗೆಂದು ಹೇಳಿದ, ಆಣೆ ಇಟ್ಟ. ಕೊಂಡಪ್ಪ ಅವನ ಕೊರಳಲ್ಲಿ ಜೋತಾಡುತ್ತಿದ್ದ ಟವೆಲನ್ನೇ ನೋಡುತ್ತ ಕೂತ.

ಅವನನ್ನು ಮನೆಗೆ ಬಿಟ್ಟು ಬಂದ ಕಾಂತರಾಜನಿಂದ ವಿಷಯ ತಿಳಿದು ಸುಮಿತಾ ಮೇಡಂ ಹೇಳಿದರು: "ಅದೂ ಕಾಯಿಲೆಯೇ ಕಾಂತರಾಜ್. ದುಃಖ ತುಂಬ ಆಳಕ್ಕೆ ಇಳಿದರೆ ಕೆಲವರಿಗೆ ಹೀಗೆ ಆಗುತ್ತೆ. ಚಿಕಿತ್ಸೆ ಇದೆ. ಆದರೆ ಮೊದಲು ಡಾಕ್ಟರ್ ಮುಂದೆ ಕೂರಬೇಕು."

ಆ ದಿನ ಕಾಂತರಾಜ ಊಟ ಮಾಡಲಿಲ್ಲ. ಕಾಲನ್ನು ಎಷ್ಟು ಸಲ ತೊಳೆದರೂ ಹೇಸಿಗೆ ಹೋಗಲಿಲ್ಲ. ಅದು ಕೊಂಡಪ್ಪನ ವಾಂತಿಯದಲ್ಲ, ತನ್ನ ಟವೆಲಿನದು ಎಂದು ಅವನಿಗೆ ಗೊತ್ತಿತ್ತು.

ಮುಂದಿನ ಗುರುವಾರ ಟವೆಲನ್ನು ಮನೆಯಲ್ಲೇ ಬಿಟ್ಟು ಹೋದ. ಬಸ್ಸಿನಲ್ಲಿ ಕೊಂಡಪ್ಪನನ್ನು ಕಿಟಕಿ ಪಕ್ಕ ಕೂರಿಸಿ, ಹೆಗಲಿಗೆ ಹೆಗಲು ತಾಗಿಸಿ ಕೂತ. ಕುರಿಗಳ ಬಗ್ಗೆ, ಈ ಸಲದ ಮೇವಿನ ಬಗ್ಗೆ ಕೇಳಿದ. ಕೊಂಡಪ್ಪ ಉಸಿರು ಬಿಗಿಹಿಡಿದು, ಮೈಯನ್ನು ಆದಷ್ಟು ಮುದುಡಿಕೊಂಡು, ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟ. ಇಳಿಯಲಂತೂ ಇಲ್ಲ. ಕೆಜಿಎಫ್ ತಲುಪಿ ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ ಕಾಂತರಾಜನಿಗೆ ಅರ್ಧ ಗೆದ್ದಂತಾಯಿತು.

ಒಳಗೆ ಫ್ಯಾನಿನ ಕೆಳಗೆ ಸಾಲು ಕುರ್ಚಿಗಳಿದ್ದವು. ಅಲ್ಲಿ ಕೂರಲು ಹೋದರೆ ಅಟೆಂಡರ್ ಒಬ್ಬ ಕಸಪೊರಕೆಯನ್ನೇ ಚಾಚಿ ಕೂಗಿದ: "ಏಯ್, ಕುಡುಕ್ರ ಸೆಂಟರ್ನೋರಾ? ಅಂಗ ಪೋ, ಆ ಕಡೆ ಹೋಗಿ! ಆ ಬೆಂಚಲ್ಲಿ ಕೂತ್ಕಳಿ!"

ಆ ಬೆಂಚು ಕಕ್ಕಸಿನ ಬಾಗಿಲಿಗೆ ಒತ್ತಿಕೊಂಡಿತ್ತು. ಬಾಗಿಲಿಗೆ ಚಿಲಕವಿರಲಿಲ್ಲ. ಹಳದಿ ನೀರು ಹೊಸ್ತಿಲು ದಾಟಿ ಬೆಂಚಿನ ಕಾಲುಗಳ ಸುತ್ತ ನಿಂತಿತ್ತು. ಅದರ ಮೇಲೆ ನೊಣ, ಅದಕ್ಕೆ ಸುರಿದ ಫಿನಾಯಿಲ್, ಫಿನಾಯಿಲಿನ ಮೇಲೆ ಮತ್ತೆ ಉಚ್ಚೆ. ಮನೋವೈದ್ಯರನ್ನು ಕಾಣಲು ಬಂದವರೆಲ್ಲ ಅಲ್ಲೇ, ಕಾಲು ಮೇಲೆತ್ತಿಕೊಂಡು ಕೂತಿದ್ದರು. ಕೇಂದ್ರದಲ್ಲಿ ಔಷಧಿ ತೆಗೆದುಕೊಳ್ಳುವ ಒಬ್ಬಾತ ಗೇಟಿನಿಂದ ಇಣುಕಿ, ಬೆಂಚನ್ನು ನೋಡಿ, ಬಂದ ದಾರಿಯಲ್ಲೇ ತಿರುಗಿ ಹೋದದ್ದನ್ನು ಕಾಂತರಾಜ ಕಂಡ.

ಬಹಳ ಹೊತ್ತಾದ ಮೇಲೆ ಅಟೆಂಡರ್ ಇಡೀ ಹಾಲಿಗೆ ಕೇಳುವಂತೆ ಕೂಗಿದ: "ಕಾಮಸಮುದ್ರ ಕೊಂಡಪ್ಪ! ಕುಡುಕ, ಮೆಂಟಲ್ ಕೇಸು!" ಕೊಂಡಪ್ಪ ಎದ್ದು ಬಂದಾಗ ಅಟೆಂಡರ್ ಗಲ್ಲಕ್ಕಿಳಿದಿದ್ದ ಮಾಸ್ಕನ್ನು ಮೂಗಿನ ಮೇಲಕ್ಕೆಳೆದುಕೊಂಡು, "ಥೂ, ಏನ್ ನಾತ ಇದು!" ಎಂದ. ಫ್ಯಾನಿನ ಕೆಳಗೆ ಕೂತಿದ್ದವರು ನಕ್ಕರು. ಒಬ್ಬಾಕೆ ಸೆರಗನ್ನು ಮೂಗಿಗೆ ಹಿಡಿದಳು.

"ನೋಡ್ದಾ?" ಎಂದ ಕೊಂಡಪ್ಪ, ಕಾಂತರಾಜನ ಕಡೆ ತಿರುಗಿ. ಅಷ್ಟೇ. ಗೇಟು ದಾಟಿ ಹೊರಟೇಹೋದ.

ಕಾಂತರಾಜ ಅಟೆಂಡರನ ಕೊರಳಪಟ್ಟಿ ಹಿಡಿದ. ಮಾಸ್ಕ್ ಜಾರಿತು. ಏಲಕ್ಕಿ ಅಗಿದರೂ ಮುಚ್ಚಲಾಗದ ಬೆಳಗಿನ ಎಣ್ಣೆಯ ವಾಸನೆ ರಪ್ಪನೆ ಮುಖಕ್ಕೆ ಬಡಿಯಿತು.

"ನೀನೇ ಕುಡ್ದಿದೀಯಲ್ಲಲೇ!"

"ದಿನಾ ಇಲ್ ನಿಂತ್ಕಂಡು ಕಕ್ಕಸ್ ತೊಳಿ ನೀನು" ಎಂದ ಅಟೆಂಡರ್ ಹಲ್ಲು ಕಚ್ಚಿ. "ಕುಡೀದೆ ತೊಳ್ದ್ರೆ ಆಮೇಲ್ ಬಂದು ಕೇಳು."

ಕೈ ಸಡಿಲವಾಯಿತು. ತಾನೂ ಹಾಗೆ, ಇವನೂ ಹಾಗೆ, ನಗುವವರೂ ಹಾಗೆ, ಎಲ್ಲರೂ ಇನ್ನೊಬ್ಬರ ಎದುರು ಮೂಗು ಮುಚ್ಚುವವರೇ. ಕಾಂತರಾಜ ಹೊರಗೆ ಬಂದು ಕಾಂಪೌಂಡ್ ಗೋಡೆಗೆ ತಲೆಯಾನಿಸಿ ಉಗಿದ. ಉಗಿದಷ್ಟೂ ಬಾಯಿ ಕಹಿಯಾಗುತ್ತಲೇ ಹೋಯಿತು.

ಸಂಜೆ ಮೇಡಂ ಮುಂದೆ ನಿಂತು ಹೇಳಿದ: "ಯಾಕ್ ಯಾರೂ ಓಗಲ್ಲ ಅಂತ ಕೇಳ್ತಿದ್ರಲ್ಲ ಮೇಡಂ. ಆ ಬೆಂಚಲ್ಲಿ ನೀವೂ ಒಂದ್ ಗಂಟೆ ಕೂತ್ಕಂಡು ಬನ್ನಿ."

ಮೇಡಂ ಹೋದರು. ನಿಜಕ್ಕೂ ಕೂತರು. ವಾಪಸ್ಸು ಬಂದವರು ಸೀರೆಯಂಚನ್ನು ತೊಳೆದು, ಡಾಕ್ಟರ್ ಅಕ್ಷರಾಗೆ ಫೋನ್ ಹಚ್ಚಿದರು. ಆ ಮನೋವೈದ್ಯೆ ಕೆಟ್ಟವರಲ್ಲ. "ನನಗೆ ಒಳಗೆ ಬಂದೋರು ಮಾತ್ರ ಕಾಣ್ತಾರೆ ಸುಮಿತಾ, ಹೊರಗೆ ಹೀಗಿದೆ ಅಂತ..." ಎಂದರಂತೆ. ವರ್ಷವಿಡೀ ಅದೇ ಹಾಲು ದಾಟಿಕೊಂಡು ಓಡಾಡುವವರಿಗೆ ಕಾಣಲಿಲ್ಲವಂತೆ! ಕಾಂತರಾಜನಿಗೆ ಆ ಮಾತೂ ಓಕರಿಕೆಯನ್ನೇ ತಂದಿತು. ಆದರೂ ಆಕೆ ಪ್ರತಿ ಶನಿವಾರ ಬಂಗಾರಪೇಟೆಗೆ, ಕೇಂದ್ರಕ್ಕೇ ಬರಲು ಒಪ್ಪಿದರು. ಕುಡಿತದ ಔಷಧಿ ಕೊಡುವ ಕೋಣೆಯಲ್ಲೇ ಅವರಿಗೂ ಒಂದು ಮೇಜು ಹಾಕಿದರು. ಪ್ರತ್ಯೇಕ ಬಾಗಿಲಿಲ್ಲ, ಬೋರ್ಡಿಲ್ಲ, ಯಾರು ಯಾವ ಕಾಯಿಲೆಗೆ ಬಂದರೆಂದು ಹೊರಗಿನವರಿಗೆ ತಿಳಿಯುವಂತಿಲ್ಲ. ಶುಕ್ರವಾರ ಕಾಂತರಾಜ ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದ, ಎತ್ತದವರ ಮನೆಗೆ ಹೋಗುತ್ತಿದ್ದ. ಮೊದಲ ಶನಿವಾರ ಬಂದವರು ಬೆರಳೆಣಿಕೆಯಷ್ಟು ಜನ. ಆಮೇಲಾಮೇಲೆ ಜಗುಲಿ ತುಂಬತೊಡಗಿತು. ಆಸ್ಪತ್ರೆಯ ಗೇಟಿನಿಂದ ತಿರುಗಿ ಹೋಗಿದ್ದವನೂ ಬಂದ.

ಕೊಂಡಪ್ಪ ಮಾತ್ರ ಬರಲೊಲ್ಲ. ಸಹನ, ಕಾಂತರಾಜ ಇಬ್ಬರೂ ಸೇರಿ ಗೋಗರೆದು ಒಂದು ಶನಿವಾರ ಕರೆತಂದರು. ಡಾಕ್ಟರು ವಾಸನೆ ಇದೆಯೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಯಾವಾಗ ಶುರುವಾಯಿತೆಂದು ಕೇಳಿದರು. ಕೊಂಡಪ್ಪ ನೆಲ ನೋಡುತ್ತ ಹೇಳಿದ. ಮೇವು ಹುಡುಕಿ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋಗಿದ್ದನಂತೆ. ಹೊಲದ ನಡುವಿನ ಒಂಟಿ ಮನೆಯಲ್ಲಿ ಹೆಂಡತಿ ಒಬ್ಬಳೇ ಇದ್ದಳಂತೆ. ತಿರುಗಿ ಬಂದಾಗ ದಾರಿಯಲ್ಲೇ ವಾಸನೆ ಬಂತಂತೆ. ಯಾವುದೋ ನಾಯಿ ಸತ್ತಿರಬೇಕು ಎಂದುಕೊಂಡು, ಮೂಗು ಮುಚ್ಚಿಕೊಂಡೇ ಬಾಗಿಲು ತೆಗೆದನಂತೆ.

ಪಕ್ಕದಲ್ಲಿ ಕೂತಿದ್ದ ಸಹನ ಬಾಯಿಗೆ ಕೈ ಒತ್ತಿಕೊಂಡಳು. ಅಮ್ಮ ಸತ್ತದ್ದು ಗೊತ್ತಿತ್ತೇ ಹೊರತು, ಇದನ್ನು ಅಪ್ಪ ಅವಳಿಗೂ ಹೇಳಿರಲಿಲ್ಲ.

ಮಾತ್ರೆ ಶುರುವಾಯಿತು. ಕೆಲವು ವಾರ ಕಳೆದ ಮೇಲೆ ಅವನು ಮನೆಯ ಜಗುಲಿಯಲ್ಲಿ ಮಲಗಲು ಒಪ್ಪಿದ. ವಾಸನೆ ಕೆಲವು ದಿನ ಬರುತ್ತದೆ, ಕೆಲವು ದಿನ ಇಲ್ಲ ಎಂದ. ಆಮೇಲೆ ಎರಡು ಶನಿವಾರ ತಪ್ಪಿಸಿಕೊಂಡ. ಕಾಂತರಾಜ ಹೋದರೆ ಬೆಟ್ಟದ ಕಡೆ ಕುರಿ ಹೊಡೆದುಕೊಂಡು ಹೋಗಿರುತ್ತಿದ್ದ. ಮತ್ತೆ ಕುಡಿಯುತ್ತಿದ್ದಾನೆಂದು ಸಹನ ಅತ್ತಳು.

ಅದರ ಮುಂದಿನ ಶನಿವಾರ ಮಧ್ಯಾಹ್ನ, ಕೇಂದ್ರದ ಜಗುಲಿ ಖಾಲಿಯಾಗುತ್ತಿದ್ದ ಹೊತ್ತಿಗೆ, ಗೇಟಿನ ಬಳಿ ಕೊಂಡಪ್ಪ ನಿಂತಿದ್ದ. ಕಂಠಪೂರ್ತಿ ಕುಡಿದಿದ್ದ. ಅಂಗಿಯ ಮುಂಭಾಗಕ್ಕೆಲ್ಲ ವಾಂತಿ ಮೆತ್ತಿ ಒಣಗುತ್ತಿತ್ತು, ಪಂಚೆ ಒದ್ದೆಯಾಗಿತ್ತು. ಕಾಂತರಾಜ ಅವನ ಹಿಂದೆ ಸಹನಳನ್ನು ಹುಡುಕಿದ. ಅವಳಿರಲಿಲ್ಲ.

"ಯಾರ್ ಕರ್ಕಂಡ್ ಬಂದ್ರು ಕೊಂಡಣ್ಣ?"

"ಯಾರೂ ಇಲ್ಲ. ನಾನೇ ಬಂದೆ. ಬಸ್ನಾಗೆ." ಗೇಟು ಹಿಡಿದು ತೂರಾಡಿದ. "ಕುಡ್ಕಂಡ್ ಬಂದ್ರೆ ಒಳಕ್ ಬಿಡಲ್ವಾ?"

ಕುಡಿದು ಬಂದವರನ್ನು ಗೇಟಿನಿಂದಲೇ ವಾಪಸ್ಸು ಕಳಿಸುವುದು ಕೇಂದ್ರದ ರೂಢಿ. ಕಾಂತರಾಜನೇ ಎಷ್ಟೋ ಜನರನ್ನು ಕಳಿಸಿದ್ದ, ಸಂತೋಷದಿಂದಲೇ. ಈ ಸಲ ಗೇಟು ತೆಗೆದು, ಅವನ ಕಂಕುಳಿಗೆ ಕೈ ಹಾಕಿ ನಲ್ಲಿಯ ಹತ್ತಿರ ಕರೆದೊಯ್ದ. ಅಂಗಿ ಬಿಚ್ಚಿದ, ಮುಖ ತೊಳೆದ, ಗಡ್ಡದಲ್ಲಿ ಅಂಟಿದ್ದ ಅನ್ನದಗುಳನ್ನು ಉಗುರಿನಿಂದ ಕಿತ್ತ. ಹೇಸಿಗೆ ಒಂದಿಷ್ಟೂ ಕಡಿಮೆಯಾಗಲಿಲ್ಲ, ಕೈ ಮಾತ್ರ ಕೆಲಸ ನಿಲ್ಲಿಸಲಿಲ್ಲ.

ಒಳಗೆ ಡಾಕ್ಟರು ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. "ಮೇಡಂ, ಇನ್ನೊಬ್ರು ಅವ್ರೆ" ಎಂದ ಕಾಂತರಾಜ ಬಾಗಿಲಲ್ಲಿ ನಿಂತು. "ಕುಡ್ದವ್ರೆ. ಆದ್ರೂ ಒಬ್ರೇ ಬಸ್ ಅತ್ತಿ ಬಂದವ್ರೆ."

ಡಾಕ್ಟರು ಅವನನ್ನೂ, ನೀರು ಸೋರುತ್ತ ನಿಂತ ಕೊಂಡಪ್ಪನನ್ನೂ ನೋಡಿದರು. ಬ್ಯಾಗನ್ನು ಕೆಳಗಿಟ್ಟು ಕುರ್ಚಿಯನ್ನು ಹತ್ತಿರಕ್ಕೆಳೆದರು.

"ಬನ್ನಿ ಕೊಂಡಪ್ಪನವರೇ, ಕೂತ್ಕೊಳ್ಳಿ."